ಮಾರ್ಗರೆಟ್‌ಗೆ ಕೊಡದ ಕಾರ್ಡ್

ಕೆಂಡಲ್ ಪಾರ್ಕ್, ನ್ಯೂಜೆರ್ಸಿ
೫ ನವೆಂಬರ್ ೨೦೦೦

ಪ್ರೀತಿಯ ವೆಂಕಟೇಶಣ್ಣನಿಗೆ,

ನಿನಗೂ ಅತ್ತಿಗೆಗೂ ನಮಸ್ಕಾರಗಳು. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಬರೆಯುವುದು ತಡವಾಯಿತು, ಬೇಕಾದರೆ ಬೈದುಕೋ. ಇವರ ಆಫೀಸು ಬಾಸ್ಕಿಂಗ್ ರಿಡ್ಜಿಗೆ ಹೋದ ಮೇಲೆ ಇವರು ಅಷ್ಟು ದೂರದಿಂದ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ನಿಧಿ ಸ್ಕೂಲಿಗೆ ಹೋದರೆ ನನಗೆ ಮಾತಿಗೆ ಸಿಗುವವರು ಪಕ್ಕದ ಮನೆಯ ಮಾರ್ಗರೆಟ್ ಒಬ್ಬರೇ. ಈಗ ಅವರನ್ನೂ ಕಳೆದುಕೊಂಡೆನೇನೋ ಎಂದು ಹೆದರಿಕೆಯಾಗಿದೆ. ತಪ್ಪು ನನ್ನದೋ ಅಲ್ಲವೋ, ನೀನೇ ಹೇಳಬೇಕು.

ಇಲ್ಲಿ ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಎಂದು ದೆವ್ವಗಳ ಹಬ್ಬ. ನಮ್ಮೂರಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ಇಲ್ಲಿಯವರು ಚಾಕೊಲೇಟ್ ಇಟ್ಟುಕೊಂಡು ಕಾಯುತ್ತಾರೆ! ಅದಕ್ಕೊಂದು ಶುಭಾಶಯದ ಕಾರ್ಡ್ ಬೇರೆ. ಅದನ್ನು ಕೈಯಲ್ಲೇ ಮಾಡುವುದನ್ನು ಮಾರ್ಗರೆಟ್ ನನಗೆ ಕಲಿಸಿದರು. ಅವರ ಊಟದ ಮೇಜಿನ ತುಂಬ ರಬ್ಬರ್ ಸ್ಟಾಂಪುಗಳು. ಕುಂಬಳಕಾಯಿ, ಬಾವಲಿ, ನಗುವ ದೆವ್ವ, ಗೋರಿಕಲ್ಲು. ಸ್ಟಾಂಪನ್ನು ಇಂಕ್ ಪ್ಯಾಡಿಗೆ ತಟ್ಟಿ, ಮಡಿಚಿದ ಕಿತ್ತಳೆ ಕಾಗದದ ಮೇಲೆ ಒತ್ತಬೇಕು. ನನ್ನ ಮೊದಲ ದೆವ್ವಕ್ಕೆ ಎರಡು ತಲೆ ಬಂತು. "ಅಲ್ಲಾಡಿಸಬೇಡ, ನೇರ ಮೇಲಕ್ಕೆತ್ತು" ಎಂದು ಕೈ ಹಿಡಿದು ಒತ್ತಿಸಿದರು. ಮನೆಯಲ್ಲೇ ಮಾಡಿಕೋ ಎಂದು ಕೊನೆಗೆ ಸ್ಟಾಂಪಿನ ಡಬ್ಬಿಯನ್ನೇ ಕೊಟ್ಟು ಕಳಿಸಿದರು. ಮನೆಯಲ್ಲಿ ಎಲ್ಲ ಒತ್ತಿ ಮುಗಿದ ಮೇಲೆ ಅಭ್ಯಾಸಬಲದಿಂದ ಕಾರ್ಡಿನ ಮೂಲೆಗೆ ಅರಿಶಿನ ಹಚ್ಚಲು ಹೋದೆ. "ಅರಿಶಿನ ಹಚ್ಚಿದ್ರೆ ದೆವ್ವ ಓಡೋಗುತ್ತೆ ಕಣೇ" ಎಂದು ಇವರು ಬಿದ್ದು ಬಿದ್ದು ನಕ್ಕರು.

ಬೀದಿಯ ಎಲ್ಲ ಮನೆಗೂ ಕಾರ್ಡ್ ಕೊಟ್ಟೆ. ಮಾರ್ಗರೆಟ್‌ಗೆ ಮಾತ್ರ ಕೊಡಲಿಲ್ಲ. ಅವರ ಗಂಡ ತೀರಿಕೊಂಡಿದ್ದು ಈ ಬೇಸಿಗೆಯಲ್ಲಿ. ವರ್ಷಾಬ್ದಿಕ ಆಗುವ ತನಕ ಅಂಥ ಮನೆಗೆ ಹಬ್ಬವೂ ಇಲ್ಲ, ಶುಭಾಶಯವೂ ಇಲ್ಲ, ನಿನಗೆ ಹೇಳಬೇಕೇ? ಅದರಲ್ಲೂ ಗೋರಿ ಒತ್ತಿದ ಕಾರ್ಡನ್ನು ಯಾವ ಮುಖ ಇಟ್ಟುಕೊಂಡು ಕೊಡಲಿ? ಆದರೆ ಹಬ್ಬದ ಸಂಜೆ ನೋಡಿದರೆ ಅವರೇ ಬಾಗಿಲಿಗೆ ಅಸ್ಥಿಪಂಜರ ಕಟ್ಟಿ, ಬಂದ ಮಕ್ಕಳಿಗೆಲ್ಲ ಮಿಠಾಯಿ ಹಂಚುತ್ತಿದ್ದಾರೆ! ನನಗೆ ತಲೆಬುಡ ತಿಳಿಯಲಿಲ್ಲ.

ಮರುದಿನ ಬಂದರು. ಎದುರುಮನೆಯವರು ಕಾರ್ಡ್ ತೋರಿಸಿದರಂತೆ. "ಸ್ಟಾಂಪು ನನ್ನದು, ಇಂಕು ನನ್ನದು. ಕಾರ್ಡ್ ಮಾತ್ರ ನನಗಿಲ್ಲವಾ?" ಎಂದು ಕೇಳಿದರು. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ನಮ್ಮ ಪದ್ಧತಿ ವಿವರಿಸಿದೆ. "ಸತ್ತಿದ್ದು ಅವನು, ಲಾವಣ್ಯಾ. ನಾನಲ್ಲ" ಎಂದು ಹೇಳಿ ಹೊರಟುಹೋದರು.

ನನಗೆ ಊಟ ಸೇರಲಿಲ್ಲ. ಇವರು "ಸಾರಿ ಕೇಳಿಬಿಡು" ಎಂದರು. ಸಾವಾದ ಮನೆಗೆ ಮರ್ಯಾದೆ ಕೊಟ್ಟಿದ್ದಕ್ಕೆ ಸಾರಿ ಕೇಳುವುದು ಹೇಗೆ? "ಜಸ್ಟ್ ಗಿವ್ ಹರ್ ದ ಘೋಸ್ಟ್, ಅಮ್ಮ" ಎಂದಳು ನಿಧಿ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದುಕೊಂಡೇ ನಿನ್ನೆ ನಗುವ ದೆವ್ವ ಒತ್ತಿ ಒಂದು ಕಾರ್ಡ್ ಕೊಟ್ಟುಬಂದೆ. ತೆರೆದು ನೋಡಿ ನಕ್ಕರು. ಆಮೇಲೆ ಅತ್ತರು. ಕಾಫಿಗೆ ಕರೆಯಲಿಲ್ಲ. ಕೋಪ ಹೋಯಿತೋ ಇಲ್ಲವೋ, ಯಾರನ್ನು ಕೇಳಲಿ? ಅವರ ದುಃಖಕ್ಕೆ ದಾರಿ ಬಿಟ್ಟು ನಿಂತೆ ಎಂದುಕೊಂಡಿದ್ದೆ, ಅವರಿಗೆ ನಾನು ಬಾಗಿಲು ಹಾಕಿಕೊಂಡ ಹಾಗೆ ಕಂಡಿತು.

ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೇ? ಮುಕುಂದನಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಹೊತ್ತು ಹೊತ್ತಿಗೆ ಉಣ್ಣಲಿ.

ನಿನ್ನ ತಂಗಿ,
ಲಾವಣ್ಯಾ

ತಾ.ಕ.: ಅಮ್ಮ ತೀರಿಕೊಂಡು ವರ್ಷ ತುಂಬಿಲ್ಲ, ನಿಮ್ಮ ಮನೆಯಲ್ಲಿ ಈ ಸಲ ಗೌರಿ ಹಬ್ಬ ಇರಲಿಲ್ಲ. ಹಬ್ಬ ಇಲ್ಲದ ಮನೆಯಿಂದ ಹೆಣ್ಣುಮಗಳಿಗೆ ಬಾಗಿನ ಬರುವುದಿಲ್ಲ, ನನಗೂ ಗೊತ್ತು. ಆದರೂ ಭಾದ್ರಪದವಿಡೀ ಮೇಲ್‌ಬಾಕ್ಸ್ ತೆಗೆದು ತೆಗೆದು ನೋಡಿದೆ. ನಿನ್ನ ಫೋನೂ ಬರಲಿಲ್ಲ. ಶಾಸ್ತ್ರಕ್ಕೆಂದು ಸುಮ್ಮನಿದ್ದೀಯೋ, ಅಮ್ಮನ ಜೊತೆಗೇ ನನ್ನ ತವರೂ ಹೋಯಿತೋ, ಅಣ್ಣ?