ರೀಲಿನ ನಾಲಿಗೆ

ಆಗಸ್ಟ್ 3, ರವಿವಾರ. ಸಂಜೆ

ಈ ವಾರವೂ ಬರಿಗೈ. ದೊಡ್ಡ ಕಟ್ಲಾ ಮೀನಿರಬೇಕು. ಜೋಳದ ಹಿಟ್ಟಿನ ಉಂಡೆ ಕಚ್ಚಿಕೊಂಡು ಕಾಲುವೆಯ ಅರ್ಧಕ್ಕೆ ಹೋಗಿದೆ. ನನಗೆ ಗೊತ್ತೇ ಇಲ್ಲ. ಬೇವಿನ ನೆರಳಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಆಚೆ ಗಾಳ ಹಾಕಿದ್ದ ಮಕ್ತುಮ್‌ಸಾಬ್ ಲುಂಗಿ ಎತ್ತಿಕೊಂಡು ಓಡಿ ಬಂದ.

"ಏನ್ರೀ ಮಾಸ್ತರ, ಕೋಲು ಬಾಗಿದ್ದು ನನಗ ಅಲ್ಲಿಂದ ಕಾಣಾಕತ್ತೈತಿ, ನೀವು ಪೇಪರ್ ಓದಾಕತ್ತೀರಿ."

ಹಿಡಿಯುವಷ್ಟರಲ್ಲಿ ದಾರ ಪಟ್ ಅಂತು. ಹೋಯಿತು.

ದಾರ ಸುತ್ತುವ ರೀಲಿನದೇ ತಪ್ಪು. ಹೈದರಾಬಾದಿನ ಹಳೇ ಬಜಾರಿನಲ್ಲಿ ಕೊಂಡ ಮಾಲು. ಮೀನು ಎಳೆದರೆ ಕಿರ್ ಕಿರ್ ಎಂದು ಒದರಿ ಎಚ್ಚರಿಸಬೇಕು. ಅದಕ್ಕೆಂದೇ ಒಳಗೆ ಒಂದು ವ್ಯವಸ್ಥೆ ಇದೆ. ಎಷ್ಟೋ ತಿಂಗಳಿಂದ ಸದ್ದೇ ಇಲ್ಲ. ನಾಳೆ ಬಿಚ್ಚುವುದೇ ಸೈ.

ಆಗಸ್ಟ್ 4, ಸೋಮವಾರ

ಬಿಚ್ಚಿದೆ. ಶಾಲೆಯಿಂದ ಬಂದವನು ಚಹಾ ಕೂಡ ಮರೆತೆ. ಎಂಥ ಬುದ್ಧಿವಂತರಪ್ಪ ಇದನ್ನು ಮಾಡಿದವರು — ಬಲಕ್ಕೆ ಹಲ್ಲಿನ ಗಾಲಿ, ಅದರ ಹೊಟ್ಟೆಯಲ್ಲಿ ಒಂದರ ಮೇಲೊಂದು ಚರ್ಮದ ವಾಸರ್, ಉಕ್ಕಿನ ವಾಸರ್. ಮೀನು ಜಗ್ಗಿದಾಗ ಇವು ಹದವಾಗಿ ಜಾರಿ ದಾರ ಬಿಟ್ಟುಕೊಡಬೇಕು. ಚರ್ಮ ಸವೆದು ಹಪ್ಪಳವಾಗಿದೆ. ಸುಮ್ಮನೆ ಹರಿಯಿತೇ ನಿನ್ನೆ ದಾರ.

ಎಡಕ್ಕೆ ಸದ್ದಿನ ಮನೆ. ಒಂದು ಸ್ಪ್ರಿಂಗ್, ಒಂದು ಹಿತ್ತಾಳೆ ನಾಲಿಗೆ. ಅಲ್ಲಿನ ಪುಟ್ಟ ಗಾಲಿಯ ಹಲ್ಲಿಗೆ ನಾಲಿಗೆ ಬಡಿದರೆ ಸದ್ದು. ತುದಿ ಮೊಂಡಾಗಿದೆ. ಸಿಕ್ಕಿತು ಕಳ್ಳ.

ಹೆಂಡತಿ ರೇಣುಕಾ ತಟ್ಟೆ ಇಟ್ಟು ಹೋದಳು. ಈಚೆಗೆ ಮಾತೇ ಕಡಿಮೆ. ಏನು ಸಿಟ್ಟೋ.

ಆಗಸ್ಟ್ 9, ಶನಿವಾರ

ಬೆಳಗಿನ ಶಾಲೆ ಮುಗಿಸಿ ಬಳಗಾನೂರಿನಿಂದ ನೇರ ಸಿಂಧನೂರಿಗೆ. ಗಡಿಯಾರ, ಹೊಲಿಗೆ ಮಿಷನ್ ರಿಪೇರಿಯ ಆಸೀಮ್‌ನ ಅಂಗಡಿ. ರೀಲು ನೋಡಿ ಅವನ ಕಣ್ಣೂ ನನ್ನಂತೆಯೇ ಅರಳಿತು. ಸೀಮೆಎಣ್ಣೆ ಸ್ಟೋವಿನ ಪಂಪಿಗೆ ಹಾಕುವ ಚರ್ಮದ ವಾಸರ್ ಕತ್ತರಿಸಿ ಕೂಡಿಸಿದ. ಹಿತ್ತಾಳೆ ತುಂಡನ್ನು ಅರದಿಂದ ಉಜ್ಜಿ ಹೊಸ ನಾಲಿಗೆ. ಗೋಡೆ ಗಡಿಯಾರದ್ದೊಂದು ಸ್ಪ್ರಿಂಗ್. ತಿರುವಿ ತೋರಿಸಿದ.

"ಇಷ್ಟು ಜೋರು ಸಾಕೇನ್ರಿ ಸರ್?"

ಎದುರಿಗೆ ಬಸ್ಸುಗಳ ಹಾರ್ನು. ನನಗೇನೂ ಕೇಳಲಿಲ್ಲ. ಅವನ ಮುಖದ ಮೇಲಿನ ಖುಷಿ ನೋಡಿ ಸಾಕು ಅಂದೆ.

ಮಸ್ಕಿಗೆ ಬಂದು ಮನೆಯಲ್ಲಿ ತಿರುವಿದರೆ — ಇಲ್ಲ. ಉಸಿರೇ ಇಲ್ಲ.

ಆಗಸ್ಟ್ 10, ರವಿವಾರ

ಕಾಲುವೆಗೆ ಹೋಗಲಿಲ್ಲ. ಎಣ್ಣೆ ಹೆಚ್ಚಾಯಿತೇ? ಒರೆಸಿದೆ. ಇಲ್ಲ. ಸ್ಪ್ರಿಂಗ್ ಸಡಿಲವೇ? ಬಿಗಿ ಮಾಡಿದೆ. ಇಲ್ಲ. ವಿಚಿತ್ರವೆಂದರೆ ಬೆರಳಿಟ್ಟರೆ ಅದುರುವುದು ಗೊತ್ತಾಗುತ್ತದೆ. ಅದುರುತ್ತದೆ, ಸದ್ದಿಲ್ಲ. ಹೀಗೂ ಉಂಟೇ? ಬೆಳಗಿನಿಂದ ತಿರುವಿದ್ದೇ ತಿರುವಿದ್ದು.

ಮಧ್ಯಾಹ್ನ ರೇಣುಕಾ ಬಂದವಳೇ ಕೈಯಿಂದ ರೀಲು ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು. ಆ ಕಡೆ ತಿರುಗಿಕೊಂಡು ಏನೋ ಅಂದಳು. "ಏನು?" ಅಂದೆ. ಒಳಗೆ ಹೋಗಿಬಿಟ್ಟಳು. ಬಾಯಿ ಸತ್ತ ರೀಲು ಇವಳಿಗೇನು ತೊಂದರೆ ಕೊಟ್ಟಿತು?

ಆಗಸ್ಟ್ 17, ರವಿವಾರ

ಆನ್‌ಲೈನ್‌ನಲ್ಲಿ ತರಿಸಿದ ಕಾರ್ಬನ್ ವಾಸರ್ ಬಂದವು. ಸ್ಟೋವಿನ ಚರ್ಮ ತೆಗೆದು ಇವನ್ನು ಕೂಡಿಸಿದೆ. ತಿರುವುವ ಹಿಡಿಕೆಯ ಗುಂಡೂ ಹೊಸದು, ದಪ್ಪನೆಯದು. ದಾರ ಜಗ್ಗಿದರೆ ಬೆಣ್ಣೆಯಂತೆ ಬಿಡುತ್ತದೆ. ಎಷ್ಟು ಸಲ ಜಗ್ಗಿ ನೋಡಿದೆನೋ.

ಒಂದು ರೋಹು ಸಿಕ್ಕಿತು. ಕೋಲಿನ ತುದಿಯಿಂದ ಕಣ್ಣು ಕೀಳದೆ ಕೂತದ್ದಕ್ಕೆ ಸಿಕ್ಕಿತು. ಪೇಪರ್ ಓದುವ ಸುಖ ಹೋಯಿತು.

ಅದುರುವ ವಸ್ತು ಸದ್ದೇಕೆ ಮಾಡುವುದಿಲ್ಲ? ಎಂಟನೇ ತರಗತಿಗೆ ಈಗ ಶಬ್ದದ ಪಾಠವೇ. ಹುಡುಗರಿಗೇ ಕೇಳೋಣ. ಎರಡು ಮಾತು ಗಟ್ಟಿಯಾಗಿ ಆಡಲಿ ಆ ನೆಪದಲ್ಲಿ. ಹಿಂದಿನ ಬೆಂಚಿನವರಂತೂ ಈಚೆಗೆ ಎದೆಯೊಳಗೇ ಮಾತಾಡುತ್ತಾರೆ.

ಆಗಸ್ಟ್ 23, ಶನಿವಾರ

ಬರೆಯಬೇಕೋ ಬೇಡವೋ.

ತರಗತಿಯಲ್ಲಿ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದೆ. ಸದ್ದು ಕೇಳಿದರೆ ಕೈ ಎತ್ತಿ, ನಿಂತರೆ ಇಳಿಸಿ. ಮೊದಲು ಮೇಜು ಗುದ್ದಿದೆ. ಕೈಗಳು ಎದ್ದವು. ಆಮೇಲೆ ರೀಲು. ಒಬ್ಬರೂ ಎತ್ತುವುದಿಲ್ಲ, ಆಗ ಪ್ರಶ್ನೆ ಕೇಳೋಣ ಎಂದು ನಗು ತಡೆದುಕೊಂಡೇ ದಾರ ಎಳೆದೆ.

ಇಡೀ ತರಗತಿಯ ಕೈ ಮೇಲೆದ್ದಿತು.

ನಿಲ್ಲಿಸಿದೆ. ಇಳಿದವು. ಎಳೆದೆ. ಎದ್ದವು. ಮೇಜಿನ ಕೆಳಗೆ ಹಿಡಿದು ಎಳೆದೆ. ಎದ್ದವು. ಕಣ್ಣು ಮುಚ್ಚಿದ ಮುಖಗಳು, ಎತ್ತಿದ ಕೈಗಳು, ನನ್ನ ಪಾಲಿಗೆ ಪೂರಾ ನಿಶ್ಶಬ್ದ.

"ಎಂಥಾ ಸದ್ದು?" ಅಂದೆ. ಮುಂದಿನ ಬೆಂಚಿನ ಗಂಗಾದೇವಿ ಎದ್ದು ನಿಂತಳು.

"ಹೊಲದಾಗ ಹುಳ ಒದರಿದಂಗ ಐತ್ರಿ ಸರ್. ಭಾಳ ಜೋರು."

ಹುಳ ಒದರಿದ್ದು ನಾನು ಕೇಳಿ ಎಷ್ಟು ದಿನವಾಯಿತು? ನೆನಪಾಗಲಿಲ್ಲ. ಶಾಬಾಸ್ ಅಂದೆ. ಬೋರ್ಡಿನ ಕಡೆ ತಿರುಗಿ ಪಾಠ ಬರೆಯತೊಡಗಿದೆ, ಗಂಟೆ ಹೊಡೆಯುವವರೆಗೂ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಲಿಗೆ ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ. ಕಿವಿಯ ನೆನಪೇ ಬರಲಿಲ್ಲ. ವಿಜ್ಞಾನ ಮಾಸ್ತರ ಬೇರೆ.

ಸೆಪ್ಟೆಂಬರ್ 6, ಶನಿವಾರ

ಲಿಂಗಸುಗೂರಿಗೆ ಹೋಗಿದ್ದೆ. ಕಿವಿ ಡಾಕ್ಟರ್. ಕಿವಿಗೆ ಹೆಡ್‌ಫೋನ್ ಹಾಕಿ ಕೂಡಿಸಿದರು. ಕೇಳಿದರೆ ಗುಂಡಿ ಒತ್ತಬೇಕು. ಗುಂಡಿ ಹಿಡಿದು ಸುಮ್ಮನೆ ಕೂತೇ ಇದ್ದೆ. ಎರಡೂ ಕಿವಿ. ದಪ್ಪ ಸದ್ದು ಬರುತ್ತದೆ, ಸಣ್ಣ ಸದ್ದು ಹೋಗಿದೆ. ಹೋದದ್ದು ಬರುವುದಿಲ್ಲವಂತೆ. ಕಿವಿಗೆ ಮಷಿನ್ ಹಾಕಿಕೊಳ್ಳಿ ಅಂದರು.

ಮಕ್ತುಮ್‌ಸಾಬನದು ದಪ್ಪ ದನಿ. ಅದಕ್ಕೇ ಅವನದೊಂದು ಕೇಳುತ್ತದೆ.

ಹಾಕಿಕೊಂಡರೆ ಹುಡುಗರು ಕಿವುಡು ಮಾಸ್ತರ ಅನ್ನುತ್ತಾರೆ. ಹಾಕಿಕೊಳ್ಳದಿದ್ದರೆ ಪಾಠ ಹೇಗೆ ಮಾಡಲಿ? ಸರ್ವಿಸ್ ಇನ್ನೂ ಏಳು ವರ್ಷ. ನನಗೆ ಹೆದರಿಕೆಯಾಗಿದೆ. ರೇಣುಕಾಗೆ ಹೇಳಿಲ್ಲ.

ಸೆಪ್ಟೆಂಬರ್ 7, ರವಿವಾರ. ಸಂಜೆ

ಹೇಳಿದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ, ಇಲ್ಲವೇ ನಗುತ್ತಾಳೆ. ಸೌಟು ಹಿಡಿದವಳು ಹಾಗೇ ನೆಲಕ್ಕೆ ಕೂತು ಅಳತೊಡಗಿದಳು. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತೆ. ಮುಖ ನೋಡಿದರೆ ಮಾತು ತಿಳಿಯುತ್ತದೆ.

"ಇಲ್ಲಿಂದ ಎಷ್ಟು ಸರ್ತಿ ಮಾತಾಡ್ಸೀನ್ರೀ ನಿಮ್ಮನ್ನ. ತಿರುಗಿ ಸೈತ ನೋಡ್ತಿರಲಿಲ್ಲ ನೀವು. ನಾ ಬ್ಯಾಡಾಗೀನಿ ಅನ್ಕಂಡೆ. ಅದಕ್ಕ ಮಾತೇ ಬಿಟ್ಟೆ."

ಆ ಹಾಳು ರೀಲಿಗೆ ಏನಾಗಿದೆ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಮನೆಯಲ್ಲಿ ಹೆಂಡತಿ ಸುಮ್ಮನಾದದ್ದು ಏಕೆ ಎಂದು ಒಂದು ಸಲವೂ ಕೇಳಲಿಲ್ಲ.

"ಏನೇನು ಮಾತಾಡ್ಸಿದ್ದಿ? ಎಲ್ಲಾ ಹೇಳು. ಈಗ ಕೇಳ್ತೀನಿ."

"ಭಾಳ ಅದಾವ್ರೀ," ಅಂದಳು. ಮೂಗು ಒರೆಸಿಕೊಂಡಳು. ಚಹಾ ಮಾಡಿ ತರುತ್ತೇನೆ, ಒಂದೊಂದೇ ಹೇಳುತ್ತೇನೆ ಅಂದಳು.

ಅಷ್ಟರೊಳಗೆ ಇದನ್ನು ಬರೆಯುತ್ತಿದ್ದೇನೆ. ಬಂದಳು. ಕುರ್ಚಿ ಎಳೆದು ನನ್ನ ಎದುರಿಗೇ ಕೂತಳು. ಪೆನ್ನು ಇಡ್ರಿ ಅನ್ನುತ್ತಿದ್ದಾಳೆ. ಮೊದಲನೇದು —