ಕೆಂಪು ದಾರ ಕಟ್ಟಿದ ಡಜನ್

ಸಿಂದಗಿ
12 ಫೆಬ್ರವರಿ 2025

ತಮ್ಮ ಇಸಾಕನಿಗೆ ಅಕ್ಕ ಹಜರಾಬಿಯ ಸಲಾಂ.

ರಾಜಬಿಯ ಮೊಣಕಾಲು ಹೇಗಿದೆ? ತರನ್ನುಮಳ ಕೆಮ್ಮು ನಿಂತಿತೇ? ನೀನು ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲ ತಾನೇ? ಅಕ್ಷರ ಬೇರೆ ಕಂಡು ಗಾಬರಿಯಾಗಬೇಡ, ಕೊನೆಗೆ ಹೇಳುತ್ತೇನೆ. ಫೋನ್ ಮಾಡಿದರೆ ಅಂಗಡಿ ಸಾಲೆಲ್ಲ ಕಿವಿಗೊಡುತ್ತದೆ.

ಹೋದ ಪತ್ರದಲ್ಲಿ ಸೊಸೆ ಶಬಾನಾ ಕಳ್ಳಿ ಎಂದಿದ್ದೆ. ರಮಜಾನಿಗೆ ಮೊದಲು ಬಂದು, ಹಿರಿಯರನ್ನು ಕೂಡಿಸಿ, ಅವಳನ್ನು ಬಳೆ ಅಂಗಡಿಯಿಂದ ಬಿಡಿಸು ಎಂದೂ ಬರೆದಿದ್ದೆ. ಸುಮ್ಮನೆ ಅಂದದ್ದಲ್ಲ. ನಲವತ್ತು ವರ್ಷ ಬಳೆ ತೊಡಿಸಿದ ಕೈ ನನ್ನದು; ಡಜನ್ನಿಗೆ ಒಂದು ಒಡೆದರೆ ಹೆಚ್ಚು. ದೀಪಾವಳಿಯಿಂದೀಚೆ ನಾಲ್ಕೈದು ಒಡೆಯತೊಡಗಿದವು. ಗಿರಾಕಿಗಳ ಮುಂಗೈಯಲ್ಲಿ ರಕ್ತ. ಅದೇ ಅಂಗಡಿ, ಅದೇ ಬಳೆ, ಶಬಾನಾಳ ಕೈಯಲ್ಲಿ ಒಂದೂ ಒಡೆಯದು! ನಾನು ನಮಾಜಿಗೆ ಎದ್ದಾಗ ಒಳ್ಳೆಯ ಮಾಲು ತನ್ನ ಕಡೆ ಸರಿಸಿ, ಕೆಟ್ಟದ್ದನ್ನು ನನ್ನ ಪೆಟ್ಟಿಗೆಗೆ ಹಾಕುತ್ತಾಳೆ, ಇವಳಿಗೆ ನನ್ನ ಗಾದಿ ಬೇಕಾಗಿದೆ ಎಂದುಕೊಂಡೆ.

ಹಿಡಿಯಲೇಬೇಕೆಂದು ಮೊನ್ನೆ ನಾನೇ ಆರಿಸಿದ ಒಂದು ಡಜನ್ನಿಗೆ ಕೆಂಪು ದಾರ ಕಟ್ಟಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮರುದಿನ ಕನ್ನೊಳ್ಳಿಯ ಸಿದ್ದಲಿಂಗವ್ವ ಬಂದಳು, ನನ್ನ ಹಳೆಯ ಗಿರಾಕಿ. ಅದನ್ನೇ ಬಿಚ್ಚಿದೆ. ಮೂರನೆಯದು ಒಡೆಯಿತು, ಐದನೆಯದೂ. ಟ್ರಂಕಿನ ಇನ್ನೊಂದು ಕೀಲಿ ಯಾರ ಹತ್ತಿರ ಇದೆ ಎಂದು ಸೊಸೆಯ ಮೇಲೆ ಏರಿಹೋದೆ. ಸಿದ್ದಲಿಂಗವ್ವ ಕೈ ಕೊಸರಿಕೊಂಡು, "ಆ ಹುಡುಗಿಗ್ಯಾಕ ಬೈತಿ? ಮೊದ್ಲ ನಿನ್ನ ಕೈ ನೋಡ್ಕೊ, ಕೊರಡ ಆಗ್ಯಾವ. ಹಲಗಿ ಇಟ್ಟು ಒತ್ತಿದಂಗ ಆಗತೈತಿ ನನಗ" ಎಂದಳು.

ಶಬಾನಾ ನನ್ನನ್ನು ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಅಂಗೈ ಜೋಡಿಸಲು ಹೇಳಿದರು. ಕೂಡಲಿಲ್ಲ ತಮ್ಮಾ, ನಡುವೆ ಬಳೆ ತೂರುವಷ್ಟು ಸಂದು. ಸಕ್ಕರೆ ಕಾಯಿಲೆಗೆ ಬೆರಳ ಚರ್ಮ ದಪ್ಪಗಾಗಿ ಬಿಗಿದಿದೆಯಂತೆ, ಮೇಣ ಸವರಿದ ಹಾಗೆ ಹೊಳೆಯುತ್ತದೆ. ನೋವಿರಲಿಲ್ಲ, ಅದಕ್ಕೇ ತಿಳಿಯಲಿಲ್ಲ. ನಾನು ಗುಳಿಗೆ ನುಂಗುತ್ತಿದ್ದುದು ವಾರಕ್ಕೆ ಮೂರೇ ದಿನ. ಅದನ್ನು ಅವರಿಗೆ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ. ಸಕ್ಕರೆ ಹತೋಟಿಗೆ ಬಂದರೆ ಇಷ್ಟಕ್ಕೇ ನಿಲ್ಲಬಹುದು ಎಂದರು, ಮೊದಲಿನಂತಾಗುತ್ತದೆ ಎನ್ನಲಿಲ್ಲ.

ಹಿರಿಯರು ಬೇಡ. ಊಟಕ್ಕೆ ಬಾ. ಗಾದಿ ಅವಳಿಗೇ ಬಿಡುತ್ತೇನೆ. ಟ್ರಂಕಿನ ಕೀಲಿ ಮಾತ್ರ ಇನ್ನೂ ಕೊಟ್ಟಿಲ್ಲ.

ನಿನ್ನ ಅಕ್ಕ
ಹಜರಾಬಿ

ಮತ್ತೊಂದು ಮಾತು: ಈ ಸೊಟ್ಟ ಸಾಲುಗಳಷ್ಟೇ ನನ್ನವು. ಹೆಚ್ಚು ಹೊತ್ತು ಪೆನ್ನು ಹಿಡಿಯಲಾಗದೆ ಮೇಲಿನದೆಲ್ಲ ಶಬಾನಾಳಿಂದಲೇ ಬರೆಸಿದೆ. ಮಾತು ಬದಲಿಸಿರಬಹುದೆಂದು ಚಾಳೀಸು ಏರಿಸಿ ಎರಡು ಸಲ ಓದಿದೆ. ಒಂದಕ್ಷರ ಬಿಟ್ಟಿಲ್ಲ. 'ಕಳ್ಳಿ' ಎಂದ ಕಡೆ ಮಾತ್ರ ಎರಡು ಸಲ ತಿದ್ದಿ ದಪ್ಪಗೆ ಬರೆದಿದ್ದಾಳೆ. ಬೇಗ ಉತ್ತರ ಬರೆ. ಲಕೋಟೆಯ ಮೇಲೆ ಅವಳ ಹೆಸರು ಹಾಕು.