ರಾಗಿ ಅಂತಲೇ ಕೇಳಿದ್ದು

ಏಪ್ರಿಲ್ 9, ಬುಧವಾರ. ಮಧ್ಯಾಹ್ನ

ಮಗು ಮಲಗಿದೆ. ಮತ್ತೆ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಬೆಚ್ಚಗೆ ಗಾಳಿ ತಾಗಿತು. ಸರಿ. ಪಾತ್ರೆ ತೊಳೆಯಲು ಹೋದೆ. ಎರಡು ಲೋಟ ತೊಳೆದು ಮತ್ತೆ ಬಂದು ನೋಡಿದೆ. ಪೂರ್ವಿಗೆ ಐದು ತಿಂಗಳು, ಹುಟ್ಟಿದಾಗಿನಿಂದ ನನಗೆ ಇದೇ ಕೆಲಸ. ಮಯೂರ್ ನಗುತ್ತಾರೆ. ರಿಫೈನರಿಯ ಕಂಟ್ರೋಲ್ ರೂಮಿನಲ್ಲಿ ಗೇಜು ನೋಡುವ ಅವರೇ ಇಷ್ಟು ಸಲ ನೋಡುವುದಿಲ್ಲವಂತೆ. ನಗಲಿ.

ಅತ್ತೆ ನಿನ್ನೆ ತುಮಕೂರಿನಿಂದ ಇಲ್ಲಿಗೆ, ಗುಜರಾತಿಗೆ ಬಂದರು. ನಾನು ಮೇ 5ಕ್ಕೆ ಬ್ಯಾಂಕಿಗೆ ವಾಪಸು — ಆಲ್ಕಾಪುರಿ ಬ್ರಾಂಚು. ಆಮೇಲೆ ಹಗಲೆಲ್ಲ ಮಗು ಅವರ ಕೈಯಲ್ಲಿ. ಚಪ್ಪಲಿ ಬಿಟ್ಟು ಕೈಕಾಲು ತೊಳೆದವರೇ ಮಗುವಿನ ತಲೆ ಸವರಿದರು. ಹಿಂದೆ ಚಪ್ಪಟೆಯಂತೆ.

"ದಿಂಬು ಹಾಕ್ದೆ ಮಲಗಿಸ್ತಿದ್ದೀಯಾ ಮನಸ್ವಿನಿ? ರಾಗಿ ದಿಂಬು ಹೊಲಿದುಕೊಡ್ತೀನಿ ಬಿಡು."

ಒಂದು ವರ್ಷ ಆಗುವವರೆಗೆ ಯಾವ ದಿಂಬೂ ಬೇಡ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಕೇಳಿಸಿತೋ ಇಲ್ಲವೋ. ಮೆತ್ತಗಿನ ಹಳೇ ಸೀರೆ ಇದೆಯಾ ಅಂದರು.

ಏಪ್ರಿಲ್ 12

ಚಪ್ಪಟೆ ನಿಜ. ಇಷ್ಟು ದಿನ ಕಂಡಿರಲಿಲ್ಲ, ಈಗ ಅದೊಂದೇ ಕಾಣುತ್ತಿದೆ. ದೊಡ್ಡವಳಾದ ಮೇಲೆ ಜಡೆ ಹಾಕುವಾಗ ನನ್ನನ್ನೇ ಬೈಯುತ್ತಾಳೆ.

ಬ್ಯಾಂಕಿಗೆ ಪೇಪರು ಕೊಡಲು ಹೋದವಳು ಹಾಗೇ ಆಲ್ಕಾಪುರಿಯ ಮಕ್ಕಳ ಅಂಗಡಿಗೆ ನುಗ್ಗಿದೆ. ಒಂದು ಗೋಡೆ ಪೂರ್ತಿ ದಿಂಬುಗಳು. ಮೊಲದ ಕಿವಿಯದು, ಮೋಡದ ಆಕಾರದ್ದು, ನಡುವೆ ಗುಂಡಿ ಇರುವುದು. ಅಂಗಡಿಯ ಹುಡುಗಿ, ಮೇಡಮ್ ಇದು ಮೆಮರಿ ಫೋಮ್, ರೌಂಡ್ ಹೆಡ್ ಗ್ಯಾರಂಟಿ, ಬೇಬಿ ಡೀಪ್ ಸ್ಲೀಪ್ ಮಾಡುತ್ತದೆ ಅಂದಳು. ಆ 'ಡೀಪ್' ಯಾಕೋ ಹಿಡಿಸಲಿಲ್ಲ. ಆದರೂ ತಂದೆ.

ಮನೆಗೆ ಬಂದು ಅಂಗೈ ಒತ್ತಿ ನೋಡಿದೆ. ಕೈ ಒಳಗೆ ಹೋಯಿತು. ತೆಗೆದ ಮೇಲೂ ಬೆರಳುಗಳ ಗುಳಿ ಹಾಗೇ ಇತ್ತು, ನಿಧಾನಕ್ಕೆ ಮೇಲೆ ಬಂತು. ಕೈಯ ಬದಲು ಒಂದು ಪುಟ್ಟ ಮುಖ ಅಂದುಕೊಂಡೆ... ಅಟ್ಟದ ಮೇಲೆ ಎಸೆದೆ. ಅತ್ತೆ ಅದನ್ನು ನೋಡಿ ನನಗಿಂತ ಹೆಚ್ಚು ಬೆಚ್ಚಿದರು. ಯಾಕೆಂದು ಗೊತ್ತಾಗಲಿಲ್ಲ.

ಏಪ್ರಿಲ್ 17, ಸಂಜೆ

ರಿಫೈನರಿ ಇರುವ ಈ ಕೊಯಾಲಿಯ ಬಿಸಿಲು ಬೆಂಕಿ. ಟೌನ್‌ಶಿಪ್ಪಿನ ರಸ್ತೆಯಲ್ಲಿ ನಾಯಿ ಕೂಡ ಇಲ್ಲ. ಇಂಥದ್ದರಲ್ಲಿ ಅತ್ತೆ ತಲೆಗೆ ಸೆರಗು ಹೊದ್ದು, ಗೇಟಿನ ಹೊರಗಿನ ಕಿರಾಣಿ ಅಂಗಡಿಗೆ ಒಬ್ಬರೇ ಹೋಗಿ ಬಂದರು. ಹಿಂದಿ ಬರುವುದಿಲ್ಲ, ಗುಜರಾತಿ ಮೊದಲೇ ಇಲ್ಲ. ಹೇಗೆ ಕೇಳಿದಿರಿ ಅಂದರೆ, ರಾಗಿಗೆ ರಾಗಿ ಅನ್ನದೆ ಇನ್ನೇನು ಅಂತಾರೆ ಅಂದರು.

ಇವತ್ತು ದಿಂಬು ರೆಡಿ. ನನ್ನದೇ ಹಳೇ ನೀಲಿ ಸೀರೆ. ಕೈಯಲ್ಲಿ ಹಿಡಿದರೆ ಸರಸರ ಸರಿಯುತ್ತದೆ, ಭಾರ. ಬೇಡ ಅಂದೆ. ಅವರೂ ಬಿಡಲಿಲ್ಲ. ಮಯೂರ್, ನಾವೆಲ್ಲ ಅದರ ಮೇಲೇ ಮಲಗಿ ಬೆಳೆದಿಲ್ಲವಾ ಅಂದರು. ಕೊನೆಗೆ ಒಂದು ರಾಜಿ: ಹಗಲು ಮಾತ್ರ, ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಮಾತ್ರ.

ಒಪ್ಪಿದೆ. ಚಪ್ಪಟೆ ತಲೆಯ ಹೆದರಿಕೆ ಒಂದು ಕಡೆ. ಅತ್ತೆ ಮುನಿಸಿಕೊಂಡು ತುಮಕೂರಿನ ಟ್ರೇನ್ ಹತ್ತಿದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಇನ್ನೊಂದು ಕಡೆ.

ಏಪ್ರಿಲ್ 18

ಮಗು ಎರಡು ಗಂಟೆ ಎಚ್ಚರಾಗದೆ ಮಲಗಿತು. ಹಿಂದೆಂದೂ ಹೀಗೆ ಮಲಗಿಲ್ಲ. ಅತ್ತೆ ಗೆದ್ದವರ ಹಾಗೆ ಕಾಫಿ ಮಾಡಿಕೊಟ್ಟರು. ನಾನು ಲೋಟ ಕೆಳಗಿಟ್ಟು ಮತ್ತೆ ಮೂಗಿನ ಕೆಳಗೆ ಬೆರಳಿಟ್ಟೆ. ಇಷ್ಟು ಯಾಕೆ ಮಲಗುತ್ತದೆ?

ಏಪ್ರಿಲ್ 24, ಗುರುವಾರ. ಸಂಜೆ

ಮಗುವನ್ನು ಮಡಿಲಿನಿಂದ ಇಳಿಸದೆ ಬರೆಯುತ್ತಿದ್ದೇನೆ. ಬರೆದರೆ ಹೆದರಿಕೆ ಇಳಿಯಬಹುದು.

ಎರಡು ದಿನದಿಂದ ಮಗುವಿನ ಕುತ್ತಿಗೆಯ ಹಿಂದೆ ಕೆಂಪು ಗುಳ್ಳೆ. ಬೆವರುಸಾಲೆ ಅಂದುಕೊಂಡಿದ್ದೆ. ಇವತ್ತು ಮಧ್ಯಾಹ್ನ ಮಗುವಿನ ಹತ್ತಿರ ಬಗ್ಗಿದಾಗ ಎಂಥದೋ ಘಾಟು. ಹಾಲು ಕಕ್ಕಿ ದಿಂಬು ಒದ್ದೆಯಾಗಿತ್ತು. ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಹಾಸಿಗೆಯ ತುಂಬ ಕಾಳು. ಕತ್ತಿನ ಮಡಿಕೆಯಲ್ಲಿ ಕಾಳು, ಮುಷ್ಟಿಯಲ್ಲಿ ಕಾಳು. ಮೂಗಿನ ಹೊಳ್ಳೆಯ ಅಂಚಿನಲ್ಲಿ — ಒಂದು.

ಬೆರಳು ಹಾಕಿದರೆ ಒಳಗೆ ಹೋಗುತ್ತದೆ. ಹಾಕದಿದ್ದರೆ ಮಗುವೇ ಒಳಗೆ ಎಳೆದುಕೊಳ್ಳುತ್ತದೆ. ಕೂಗೋಣವೆಂದರೆ ಬೆಚ್ಚಿ ಉಸಿರು ಎಳೆದರೆ? ನಾನೇ ಉಸಿರು ಬಿಗಿಹಿಡಿದು ನಿಂತೆ. ಪಕ್ಕದಲ್ಲಿ ಅತ್ತೆ ಕೂತಲ್ಲೇ ತೂಕಡಿಸುತ್ತಿದ್ದರು.

ಸೀನಿತು. ದೇವರೇ, ಸೀನಿತು. ಕಾಳು ನನ್ನ ಅಂಗೈ ಮೇಲೆ ಬಿತ್ತು.

ಎತ್ತಿಕೊಂಡು ಬೆನ್ನು ಸವರುತ್ತ ಹಾಸಿಗೆಯ ಮೇಲಿನ ಒಂದು ಕಾಳನ್ನು ಹಲ್ಲಿಗೆ ಹಾಕಿದೆ. ಚುರುಕ್ ಅಂತು. ಇದು ರಾಗಿ ಅಲ್ಲ. ಅತ್ತೆ ಎಚ್ಚರಗೊಂಡು ಒಂದು ಕಾಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಎರಡೂ ಕಣ್ಣಿನಲ್ಲಿ ಪೊರೆ, ಆಪರೇಷನ್ ಮುಂದೂಡಿಯೇ ಇಲ್ಲಿಗೆ ಬಂದಿದ್ದು. ಕಾಣಲಿಲ್ಲ. ಬಾಯಿಗೆ ಹಾಕಿದರು. ಮುಖ ಸುಣ್ಣವಾಯಿತು.

"ಸಾಸಿವೆ... ಈ ಬಿಸಿಲಲ್ಲಿ ಮಗು ತಲೆ ಕೆಳಗೆ ಸಾಸಿವೆ ಇಟ್ನಾ ನಾನು? ರಾಗಿ ಅಂತಲೇ ಕೇಳ್ದೆ. ಅವನೂ ರಾಈ, ರಾಈ ಅಂದ. ಈ ಊರಲ್ಲಿ ಗ ನುಂಗ್ತಾರೆ ಅಂದ್ಕೊಂಡೆ."

ಗುಜರಾತಿಯಲ್ಲಿ ರಾಈ ಅಂದರೆ ಸಾಸಿವೆ. ನನಗೆ ಗೊತ್ತಿತ್ತು. ಒಗ್ಗರಣೆಗೆ ಅದೇ ಹೆಸರು ಹೇಳಿ ತರಿಸುತ್ತೇನೆ. ಒಮ್ಮೆ ದಿಂಬು ಬಿಚ್ಚಿ ನೋಡಬಹುದಿತ್ತು.

"ಕೈಗೆ ದಪ್ಪ ಅನ್ನಿಸ್ತು," ಅಂದರು. "ಇಲ್ಲಿನ ರಾಗಿನೇ ಹೀಗಿರಬೇಕು ಅಂದ್ಕೊಂಡೆ."

ನಾನು ಬಾಯಿಗೆ ಬಂದಂತೆ ಬೈದೆ. ನಿದ್ದೆ ಹೋಗಿದ್ದಿರಲ್ಲ, ಕಾಳು ಒಳಗೆ ಹೋಗಿದ್ದರೆ ಅಂದೆ. ಅವರು ನೆಲದ ಮೇಲೆ ಕೂತು, ಕಾಣದ ಕಾಳುಗಳನ್ನು ಅಂಗೈಯಲ್ಲಿ ತಡವಿ ತಡವಿ ಆರಿಸತೊಡಗಿದರು. ಆಮೇಲೆ, ಮುಖ ಎತ್ತದೆ:

"ಮಯೂರನಿಗಿಂತ ಮುಂಚೆ ಒಂದಿತ್ತು. ಹೆಣ್ಣು. ನಮ್ಮಮ್ಮ ಹೂವಿನಂಥ ಹತ್ತಿ ದಿಂಬು ಕಳಿಸಿದ್ರು. ಬೆಳಗ್ಗೆ ನೋಡ್ತೀನಿ, ಮುಖ ಅದರೊಳಗಿತ್ತು. ಅವನಿಗೆ ಗೊತ್ತಿಲ್ಲ, ಹೇಳ್ಬೇಡ. ಅದಕ್ಕೇ ರಾಗಿ ಅಂದೆ ಕಣೇ. ರಾಗಿ ಮುಖ ನುಂಗಲ್ಲ."

ಅಟ್ಟಕ್ಕೆ ಎಸೆದ ದಿಂಬು ನೋಡಿ ಬೆಚ್ಚಿದ್ದು ಈಗ ಅರ್ಥವಾಯಿತು. ಸಿಟ್ಟು ಎಲ್ಲಿ ಹೋಯಿತೋ. ಆದರೆ ಹೆದರಿಕೆ ಹೋಗಲಿಲ್ಲ. ಇನ್ನೂ ಹೆಚ್ಚಾಯಿತು. ಇಷ್ಟು ದಿನ ನನ್ನ ತಲೆಯೊಳಗೆ ಮಾತ್ರ ಇದ್ದದ್ದು ಈ ಮನೆತನದಲ್ಲಿ ಒಮ್ಮೆ ನಿಜವಾಗಿಯೇ ಆಗಿಹೋಗಿದೆ.

ಏಪ್ರಿಲ್ 25

ಡಾಕ್ಟರ ಹತ್ತಿರ ಹೋಗಿ ಬಂದೆವು. ಮೂಗು, ಎದೆ ಎಲ್ಲ ಕ್ಲಿಯರ್. ಗುಳ್ಳೆಗೆ ಕ್ರೀಮು. ತಲೆ ತಾನೇ ದುಂಡಗಾಗುತ್ತದೆ, ಎಚ್ಚರವಿದ್ದಾಗ ಬೋರಲು ಆಡಿಸಿ, ಮಲಗಿಸುವಾಗ ಅಂಗಾತ, ದಿಂಬು ಇಲ್ಲವೇ ಇಲ್ಲ. ಸರಿಯಾದ ದಿಂಬು ಯಾವುದು ಅಂತ ನಾವಿಬ್ಬರೂ ಹುಡುಕಿದ್ದೇ ಹುಡುಕಿದ್ದು. ಅತ್ತೆಗೆ ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳಿದೆ. ಎರಡು ಸಲ ಹೇಳಿಸಿಕೊಂಡರು.

ಮೇ 1

ಆವತ್ತಿನಿಂದ ಅತ್ತೆ ಕರೆಯದೆ ಮಗುವನ್ನು ಮುಟ್ಟುತ್ತಿಲ್ಲ. ಕರೆದರೆ ಮೊದಲು ಕೈ ತೊಳೆದು ಬರುತ್ತಾರೆ, ಕಾಳು ಇನ್ನೂ ಅಂಟಿಕೊಂಡಿದೆಯೇನೋ ಅನ್ನುವ ಹಾಗೆ. ನೋಡಲಾಗುವುದಿಲ್ಲ.

ರಜೆ ಇನ್ನು ಸಿಗುವುದಿಲ್ಲ. ಟೌನ್‌ಶಿಪ್ಪಿನ ಕ್ರೆಷ್‌ನಲ್ಲಿ ಒಂದು ವರ್ಷದ ಕೆಳಗಿನವರನ್ನು ತೆಗೆದುಕೊಳ್ಳುವುದಿಲ್ಲ. ಮಯೂರ್ ತೊಟ್ಟಿಲಿನ ಎದುರು ಕ್ಯಾಮೆರಾ ಹಾಕುತ್ತೇನೆ ಅಂದರು. ಅತ್ತೆಗೆ ಹೇಗೆ ಹೇಳುವುದು? ನಾನೇ ತಡವರಿಸುತ್ತ ಹೇಳಿದೆ.

"ಹಾಕ್ಸಮ್ಮ," ಅಂದರು. "ನನಗೂ ಒಬ್ಬರು ನೋಡ್ತಿದ್ರೆ ಧೈರ್ಯ."

ಮೇ 5, ಸೋಮವಾರ. ಲಂಚ್ ಅವರ್, ಬ್ರಾಂಚು

ಟಿಫಿನ್ ತೆರೆದಿಲ್ಲ. ಫೋನು ನೀರಿನ ಬಾಟಲಿಗೆ ಒರಗಿಸಿ ಬರೆಯುತ್ತಿದ್ದೇನೆ. ಕ್ಯಾಮೆರಾದಲ್ಲಿ ಚಿತ್ರ ಬರುತ್ತದೆ, ಸೌಂಡ್ ಬರುತ್ತಿಲ್ಲ. ಮಯೂರ್ ಸಂಜೆ ಸರಿ ಮಾಡುತ್ತಾರಂತೆ. ಅವರು ಡ್ಯೂಟಿಯಲ್ಲಿ, ಅಲ್ಲಿ ಫೋನು ಬಿಡುವುದಿಲ್ಲ.

ಬೆಳಗ್ಗೆಯಿಂದ ನೋಡುತ್ತಿದ್ದೇನೆ. ಕಸ್ಟಮರ್ ಎದುರಿದ್ದಾಗಲೂ. ಎಲ್ಲ ಸರಿ. ಹಾಲು ಕುಡಿಸಿದರು, ಬೋರಲು ಆಡಿಸಿದರು, ಅಂಗಾತ ಮಲಗಿಸಿದರು. ಮಗು ಮಲಗಿದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ, ನಿದ್ದೆ ಬರಬಾರದು ಅಂತ ಇರಬೇಕು.

ಈಗ ಎದ್ದು ನಿಂತು ಕ್ಯಾಮೆರಾದ ಕಡೆ ನೋಡಿದರು. ನನ್ನನ್ನೇ. ಎರಡೂ ಕೈ ಎತ್ತಿ ತೋರಿಸಿದರು. ಖಾಲಿ. ಆಮೇಲೆ ಮಗುವಿನ ತಲೆಯ ಕೆಳಗಿನ ಹಾಸಿಗೆ ತೋರಿಸಿದರು — ದಿಂಬು ಇಲ್ಲ, ನೋಡು. ಕಣ್ಣು ತುಂಬಿ ಬಂತು. ಇಷ್ಟು ಹೆದರಿಸಿಬಿಟ್ಟೆನಾ ಅವರನ್ನು? ಸಂಜೆ ಹೋದ ಕೂಡಲೇ ಕಾಲಿಗೆ ಬೀಳುತ್ತೇನೆ.

ಬಗ್ಗಿದರು. ಮೂಗಿನ ಕೆಳಗೆ ಬೆರಳಿಟ್ಟರು. ನಾನು ಇಡುವ ಹಾಗೇ. ನಗು ಬಂತು ನನಗೆ.

ಇಟ್ಟೇ ಇದ್ದಾರೆ.

ಇನ್ನೊಂದು ಕೈಯನ್ನೂ ಇಟ್ಟರು — ಎದೆಯ ಮೇಲೆ. ನಾನು ಅಷ್ಟು ಹೊತ್ತು ಇಡುವುದಿಲ್ಲ. ತೆಗೆಯುತ್ತಿಲ್ಲ. ತಿರುಗಿ ಕ್ಯಾಮೆರಾ ಕಡೆ ನೋಡಿದರು, ಏನೋ ಹೇಳುತ್ತಿದ್ದಾರೆ, ಬಾಯಿ ಆಡುತ್ತಿದೆ. ಏನು ಅಂತ ಕೇಳಿಸುತ್ತಿಲ್ಲ. ಮಗು ಅಲುಗಾಡುತ್ತಿಲ್ಲ —